ನಾಲವಾರ ಬಿಟ್ಟಿ ನೋಡು

ಹುಡುಗ ಸೋಮವಾರದಿಂದ ಕ್ಲಾಸಿಗೆ ಬರುತ್ತಿದ್ದಾನೆ. ಹಾಗಾಗಿ ಈಗ ಬರೆಯೋಕೆ ಧೈರ್ಯ ಬಂತು. ಕ್ಲಾಸ್ ಟ್ರಿಪ್ಪಿಗೆ ಹೋದಾಗ ಹಿಮಾಚಲದ ಸಿಸ್ಸುವಿನಲ್ಲಿ ಆ ರಾತ್ರಿ, ಎತ್ತರದ ಗಾಳಿ ಒಗ್ಗದೆ ಅವನಿಗೆ ಏನಾಯ್ತು ಅನ್ನೋದನ್ನ ಫೋನ್ ಮಾಡಿದವರಿಗೆಲ್ಲ ಹೇಳಿದ್ದೇನೆ, ಮತ್ತೆ ಬೇಡ.

ಪ್ರಿನ್ಸಿಪಾಲರಿಗೆ, ಬಾಗಿಲು ತಟ್ಟಿದ ಕೂಡಲೇ ಎದ್ದು ಬಂದ ಡಾಕ್ಟರಿಗೆ, ಬಸ್ ಡ್ರೈವರ್‌ಗೆ, ನನ್ನನ್ನು ಬೈಯದ ಅಪ್ಪ ಅಮ್ಮಂದಿರಿಗೆಲ್ಲ ನಮಸ್ಕಾರ. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರಾಗಬೇಡಿ. ಉಳಿದದ್ದೆಲ್ಲ ನಮ್ಮ ಲ್ಯಾಬ್ ಅಟೆಂಡರ್ ಕಾಕಾ ಅವರಿಗೆ.

ಲಾವಾ ಹರಿದ ನೆಲ, ಹಿಮನದಿ ಹರಿದ ನೆಲ, ಎರಡನ್ನೂ ಒಂದೇ ಟ್ರಿಪ್ಪಿನಲ್ಲಿ ತೋರಿಸಬೇಕು ಅನ್ನೋದು ನನ್ನ ಹಟ. ಮೊದಲ ದಿನ ಬೀದರ್. ಕೆಳಗೆ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಗಟ್ಟಿಯಾದ ಕರಿಕಲ್ಲು. ಮೇಲೆ ಅದೇ ಕಲ್ಲು ಮಳೆ ಬಿಸಿಲಿಗೆ ಸವೆದು ಆದ ಕೆಂಪು ಜಂಬಿಟ್ಟಿಗೆ. ಅದರ ತೂತುಗಳಲ್ಲಿ ಇಳಿದ ನೀರನ್ನೇ ಬಹಮನಿಗಳ ಕಾಲದಲ್ಲಿ ಸುರಂಗ ಬಾವಿಗೆ ಹರಿಸಿಕೊಂಡರು. ನೌಬಾದ್‌ನಲ್ಲಿ ನಾನು ಇದನ್ನ ಹೇಳುತ್ತಿದ್ದರೆ ಕಾಕಾ ನೆರಳು ಹುಡುಕಿ, ಕಟಕ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಟ್ಟಿದ್ದರು. ಅರ್ಧ ಕ್ಲಾಸು ಅಲ್ಲಿಗೇ ಹೋಯ್ತು.

ಆಮೇಲೆ ಕೆ.ಕೆ. ಎಕ್ಸ್‌ಪ್ರೆಸ್, ದೆಹಲಿ, ಮನಾಲಿ. ಮನಾಲಿಯಲ್ಲಿ ಎರಡು ರಾತ್ರಿ ಉಳಿಯಬೇಕಿತ್ತು. ಒಂದು ದಿನ ಉಳಿಸೋಣ ಅಂತ ನಾನೇ ಅವಸರ ಮಾಡಿದೆ. 9 ಕಿಲೋಮೀಟರ್ ಅಟಲ್ ಸುರಂಗ ದಾಟಿದರೆ ಲಾಹೌಲ್. ಸಿಸ್ಸು ಸುಮಾರು 3,100 ಮೀಟರ್ ಎತ್ತರ. ನಮ್ಮ ಕಲಬುರಗಿ 450ರ ಆಸುಪಾಸು. ಅಷ್ಟು ಎತ್ತರಕ್ಕೆ ಒಮ್ಮೆಲೇ ಏರಿದರೆ ಮೈಗೆ ಒಗ್ಗದೆ ಕಾಯಿಲೆ ಬೀಳಬಹುದು. ಪಾಠ ಮಾಡೋಳು ನಾನು, ಗೊತ್ತಿರಬೇಕಿತ್ತು.

ಅವತ್ತು ಮಧ್ಯಾಹ್ನ ಎಲ್ಲರೂ ಚೆನ್ನಾಗೇ ಇದ್ದರು. ಬಂಡೆ, ಜಲ್ಲಿ, ಪುಡಿ ಎಲ್ಲ ಕಲಸಿ ಹಿಮನದಿ ಸುರಿದ ರಾಶಿ ತೋರಿಸಿದೆ. ನೀರಾದರೆ ದಪ್ಪ ಸಣ್ಣ ಬೇರೆ ಮಾಡಿ ಹಾಕುತ್ತೆ, ಹಿಮನದಿ ಆರಿಸೋದಿಲ್ಲ. ಚಂದ್ರಾ ನದಿ ಬೂದು ಬಣ್ಣದಲ್ಲಿ ಹರಿಯುತ್ತಿತ್ತು. ಕಾಕಾ ನೋಡಿ, "ಜ್ವಾಳದ ಹಿಟ್ಟು ಕಲಸಿ ಕೈ ತೊಳದ್ಹಂಗ ಅದಲ್ರಿ ಮೇಡಂ" ಅಂದರು. ಹಿಮನದಿಯು ಬಂಡೆಯನ್ನು ಅರೆದು ಮಾಡಿದ ಆ ಪುಡಿಗೆ ನಾವೂ ಕಲ್ಲಿನ ಹಿಟ್ಟು ಅಂತಲೇ ಅನ್ನೋದು.

ರಾತ್ರಿ ಡಾಕ್ಟರು ಆಕ್ಸಿಜನ್ ಹಚ್ಚಿ, ಬೆಳಕಾಗುತ್ತಲೇ ಕೆಳಗಿಳಿಸಿ, ಅಲ್ಲಿವರೆಗೆ ಒಬ್ಬರು ಪಕ್ಕದಲ್ಲೇ ಇದ್ದು ಮಾತಾಡಿಸ್ತಾ ಇರಿ, ಮಾತು ತೊದಲಿದರೆ ಆಗಲೇ ಹೊರಡಿ ಅಂದರು. ಡ್ರೈವರ್ ಬಸ್ಸಿನಲ್ಲೇ ಮಲಗಿದರು. ಕಾಕಾ ಗೋಡೆಗೆ ಒರಗಿ ಕೂತು ಹುಡುಗನನ್ನು ಎದೆಗೆ ಆನಿಸಿಕೊಂಡರು. ತಮ್ಮ ಚಾದರ ಅವನಿಗೆ ಹೊದಿಸಿದರು. ಅವನದು ಯಾದಗಿರಿ, ದಿನಾ ರೈಲಿನಲ್ಲೇ ಬರೋನು.

"ಕಲಬುರಗಿ ಬಿಟ್ಟ ಮ್ಯಾಲ ಯಾವ್ಯಾವ ಸ್ಟೇಷನ್ ಬರ್ತಾವ ಹೇಳಪ್ಪ."

"ಶಹಾಬಾದ್... ವಾಡಿ... ಯಾದಗಿರಿ."

"ನಾಲವಾರ ಬಿಟ್ಟಿ ನೋಡು."

ಹತ್ತು ನಿಮಿಷಕ್ಕೊಮ್ಮೆ ಇದೇ. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ. ಇವನ ಅವ್ವನಿಗೆ ಏನು ಹೇಳಲಿ ಅನ್ನೋದು ಬಿಟ್ಟು ಬೇರೇನೂ ತಲೆಯಲ್ಲಿ ಇರಲಿಲ್ಲ. ಒಳಗೆ ಬಂದಾಗ ಕಾಕಾ ನನ್ನ ಮುಖ ನೋಡಲಿಲ್ಲ. "ಮಕ್ಕೋರಿ ಮೇಡಂ, ನಾ ಕುಂತಿರ್ತೀನಿ" ಅಂದರು, ಅಷ್ಟೇ. ಕಲಬುರಗಿಯ ಬಿಸಿಲಿನಲ್ಲೇ ಬೆಳೆದ ಮನುಷ್ಯ. ಕೈ ನಡುಗುತ್ತಿತ್ತು.

ಐದು ಗಂಟೆಗೆ ಹುಡುಗ ಮಾರ್ತೂರಿನಿಂದ ಶುರು ಮಾಡಿ ರಾಯಚೂರಿನವರೆಗೆ ಹೇಳಿ, "ಕಾಕಾ, ಇನ್ನ ಸಾಕು" ಅಂದ. ಮಧ್ಯಾಹ್ನ ಮನಾಲಿಯಲ್ಲಿ ರೊಟ್ಟಿ ಕೇಳಿದ.

ಆ ಚಾದರ ಇನ್ನೂ ಅವನ ಮನೆಯಲ್ಲೇ ಇದೆ. ಒಗೆದು ತಂದು ಕೊಡ್ತೀನಿ ಅಂದರೆ ಕಾಕಾ, "ಇರ್ಲಿ ಬಿಡಪ್ಪ, ಇಲ್ಲಿ ಎಲ್ಲಿ ಥಂಡಿ ಅದ" ಅಂತಾರಂತೆ.