ಫೀಸು ಕಟ್ಟಿದ ಮೇಲೂ ಉಳಿದ ಬಾಕಿ

ಬಾಸ್ಟನ್

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ನೀವಿಬ್ಬರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತುಹೋಯಿತು. ಆವತ್ತಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಫೋನಿನಲ್ಲಾದರೆ ನೀವೊಂದು ಹೇಳಿ, ನಾನೊಂದು ಹೇಳಿ, ಕೊನೆಗೆ ಇಬ್ಬರಿಗೂ ಬೇಜಾರು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅಪ್ಪಾ, ನಾನು ಓದಿದ ಕಾಲೇಜಿಗೆ ತಿಂಗಳಿಗಿಷ್ಟು ಅಂತ ಹಣ ಕಳಿಸುತ್ತೇನೆ ಅಂದಾಗ ನೀವು ಹೇಳಿದ್ದು ಇಷ್ಟೇ: "ಫೀಸು ಕಟ್ಟಿ ಓದಿಸಿದ್ದೀವಿ. ಯಾರ ಹಂಗೂ ಇಲ್ಲ." ಆ ಫೀಸನ್ನು ನೀವು ಹೇಗೆ ಹೊಂದಿಸುತ್ತಿದ್ದಿರಿ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಅದನ್ನು ಮರೆತು ಈ ಮಾತು ಆಡುತ್ತಿಲ್ಲ. ಆದರೆ ನೀವು ಲೆಕ್ಕದ ಮನುಷ್ಯರು, ಹಾಗಾಗಿ ಲೆಕ್ಕವನ್ನೇ ಮುಂದಿಡುತ್ತೇನೆ. ನನ್ನದು ಸಿಇಟಿ ಸೀಟು. ಅದೂ ಅನುದಾನಿತ ಕಾಲೇಜಿನಲ್ಲಿ. ನಮಗೆ ಪಾಠ ಮಾಡಿದ ಎಷ್ಟೋ ಮೇಷ್ಟ್ರುಗಳ ಸಂಬಳ ಬರುತ್ತಿದ್ದದ್ದು ಸರ್ಕಾರದಿಂದ. ನಾವು ಕಟ್ಟಿದ ಫೀಸಿನಲ್ಲಿ ಆ ಲ್ಯಾಬಿನ ಕರೆಂಟು ಬಿಲ್ಲಾದರೂ ಪೂರ್ತಿ ತೀರುತ್ತಿತ್ತೋ ಇಲ್ಲವೋ. ಮಿಕ್ಕದ್ದನ್ನು ಯಾರೋ ಕೊಟ್ಟಿದ್ದಾರೆ. ತೆರಿಗೆಯ ರೂಪದಲ್ಲಿ ಕೊಟ್ಟವರಲ್ಲಿ ಕಾಲೇಜಿನ ಮೆಟ್ಟಿಲೇ ಹತ್ತದವರು ಎಷ್ಟು ಜನ ಇದ್ದಾರೋ. ನಾನು ಅವರ ಮುಖ ನೋಡಿಲ್ಲ, ಅವರಿಗೆ ನಾನು ಯಾರು ಅಂತ ಗೊತ್ತಿಲ್ಲ.

ಅಮ್ಮಾ, ನಿನಗೆ ನೆನಪಿರಬೇಕು. ಮೂರನೇ ವರ್ಷದಲ್ಲಿ ಬುಕ್ ಬ್ಯಾಂಕಿನಿಂದ ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕ ತಂದಿದ್ದೆ. ರಟ್ಟು ಕಿತ್ತುಹೋಗಿತ್ತು, ನೀನೇ ಹಳೆ ಕ್ಯಾಲೆಂಡರ್ ಹಾಳೆಯಲ್ಲಿ ಬೈಂಡ್ ಹಾಕಿಕೊಟ್ಟಿದ್ದೆ. ಒಳಗಿನ ಮೊದಲ ಪುಟದಲ್ಲಿ ನೇರಳೆ ಶಾಯಿಯ ಸೀಲು ಇತ್ತು, "ಹಳೆಯ ವಿದ್ಯಾರ್ಥಿಗಳ ಕೊಡುಗೆ" ಅಂತ. ಆಗ ಅದನ್ನು ಸರಿಯಾಗಿ ಓದಿರಲೂ ಇಲ್ಲ. ನನ್ನ ಕಣ್ಣು ಹೋಗುತ್ತಿದ್ದದ್ದು ಪುಟದ ಅಂಚಿಗೆ. ನನಗಿಂತ ಮೊದಲು ಓದಿದ ಯಾರೋ ಪುಣ್ಯಾತ್ಮ ಪೆನ್ಸಿಲಿನಲ್ಲಿ, ಇರುವೆ ಸಾಲಿನ ಹಾಗೆ ಸಣ್ಣಗೆ ಬರೆದಿಟ್ಟಿದ್ದ: "ಇಲ್ಲಿ ಒಂದು ಸ್ಟೆಪ್ ಬಿಟ್ಟಿದ್ದಾರೆ, ಹಿಂದಿನ ಪುಟ ನೋಡು." ಪರೀಕ್ಷೆಯ ಹಿಂದಿನ ರಾತ್ರಿ ಆ ಒಂದು ಸಾಲಿನಿಂದ ಲೆಕ್ಕ ಬಿಡಿಸಿದ್ದೆ. ಪುಸ್ತಕ ಕೊಂಡುಕೊಟ್ಟವರು ಒಬ್ಬರು, ಅಂಚಿನಲ್ಲಿ ಬರೆದವನು ಇನ್ನೊಬ್ಬ. ಇಬ್ಬರ ಬಾಕಿಯೂ ನನ್ನ ಮೇಲಿದೆ ಅಲ್ವಾ?

"ದೊಡ್ಡವರು ಕೊಡಲಿ ಬಿಡು, ನಾವೆಷ್ಟರವರು" ಅಂತಲೂ ಅಂದಿರಿ. ಇನ್ಫೋಸಿಸ್‌ನ ನಂದನ್ ನಿಲೇಕಣಿಯವರ ಸುದ್ದಿ ನಿಮ್ಮ ಮನಸ್ಸಿನಲ್ಲಿತ್ತು ಅಂತ ಕಾಣುತ್ತದೆ. 1973ರಲ್ಲಿ ಐಐಟಿ ಬಾಂಬೆ ಸೇರಿದವರು, 50 ವರ್ಷ ತುಂಬಿದ 2023ರಲ್ಲಿ 315 ಕೋಟಿ ರೂಪಾಯಿ ಕೊಟ್ಟರು. ಅದಕ್ಕೂ ಮೊದಲು ಕೊಟ್ಟಿದ್ದ 85 ಕೋಟಿ ಸೇರಿ 400 ಕೋಟಿ. ನಿಜ, ಅದು ನಮ್ಮ ಕೈಗೆ ಎಟುಕುವ ಮಾತಲ್ಲ. ಆದರೆ ಅಂಥ ಒಬ್ಬರು ಸಿಗುವ ಕಾಲೇಜು ಎಷ್ಟಿವೆ? ನಮ್ಮಂಥ ಕಾಲೇಜಿಗೆ ನಾವೇ ಗತಿ.

ಇಲ್ಲಿ ಚಾರ್ಲ್ಸ್ ನದಿ ದಾಟಿದರೆ ಹಾರ್ವರ್ಡ್. ಅಂಗಳದಲ್ಲಿ ಜಾನ್ ಹಾರ್ವರ್ಡ್ ಪ್ರತಿಮೆ ಇದೆ. ಬಂದವರೆಲ್ಲ ಸವರಿ ಸವರಿ ಅದರ ಒಂದು ಶೂ ಚಿನ್ನದ ಹಾಗೆ ಹೊಳೆಯುತ್ತದೆ. ಆತ ಆ ಕಾಲೇಜಿನಲ್ಲಿ ಓದಿದವನೇ ಅಲ್ಲ. 1638ರಲ್ಲಿ ಸಾಯುವಾಗ ತನ್ನ ಆಸ್ತಿಯಲ್ಲಿ ಅರ್ಧ ಮತ್ತು ಸುಮಾರು 400 ಪುಸ್ತಕಗಳನ್ನು ಆಗಷ್ಟೇ ಶುರುವಾಗಿದ್ದ ಕಾಲೇಜಿಗೆ ಬಿಟ್ಟುಹೋದ. 1764ರಲ್ಲಿ ಬೆಂಕಿ ಬಿದ್ದು ಅವೂ ಸುಟ್ಟುಹೋದವು. ಯಾರೋ ಎರವಲು ಒಯ್ದಿದ್ದ ಒಂದು ಪುಸ್ತಕ ಮಾತ್ರ ಉಳಿಯಿತು ಅಂತಾರೆ. ಓದುವುದಕ್ಕೆ ಅಂತ ಒಬ್ಬರು ತೆಗೆದುಕೊಂಡು ಹೋದದ್ದರಿಂದ ಉಳಿದ ಪುಸ್ತಕ! ಅದನ್ನು ತಿಳಿದಾಗ ನನಗೆ ನಮ್ಮ ಬುಕ್ ಬ್ಯಾಂಕೇ ನೆನಪಾಯಿತು.

ಇಲ್ಲಿನವರು ಕೊಡುವ ರೀತಿಯಲ್ಲಿ ನನಗೆ ಹಿಡಿಸಿದ್ದು ಬೇರೆಯೇ ಇದೆ. ಯೇಲ್ ಕಾಲೇಜಿನವರು 1890ರಲ್ಲೇ ಹಳೆ ವಿದ್ಯಾರ್ಥಿಗಳ ನಿಧಿ ಶುರು ಮಾಡಿದರು. ಪ್ರತಿ ವರ್ಷ ಕೈಲಾದಷ್ಟು ಕೊಡುವುದು, ಕಮ್ಮಿ ಆದರೂ ತಪ್ಪಿಸದೆ ಕೊಡುವುದು. ದೊಡ್ಡ ದೇಣಿಗೆ ಬಂದರೆ ಅದನ್ನು ಅಸಲಾಗಿ ಇಟ್ಟು, ವರ್ಷಕ್ಕೆ ಹೆಚ್ಚುಕಮ್ಮಿ ಶೇ 5ರಷ್ಟನ್ನು ಮಾತ್ರ ಬಳಸುತ್ತಾರೆ. ನಮ್ಮಲ್ಲಿ ದತ್ತಿ ಅಂತಾರಲ್ಲ, ಅದೇ.

ಈಗ ನನಗೆ ನೋವಾದ ಒಂದು ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಬ್ಯಾಚಿನವರೆಲ್ಲ ಸೇರಿ ಕಾಲೇಜಿಗೆ ಕಂಪ್ಯೂಟರ್ ಕೊಡಿಸಿದ್ದೆವು. ಕಳೆದ ಸಲ ರಜೆಗೆ ಬಂದಾಗ ನೋಡಲು ಹೋದೆ. ರೂಮಿಗೆ ಬೀಗ. ಅಟೆಂಡರ್ ಬಂದು ತೆಗೆದರು. ಎಲ್ಲದರ ಮೇಲೂ ಬಟ್ಟೆಯ ಹೊದಿಕೆ, ಹೊದಿಕೆಯ ಮೇಲೆ ಧೂಳು. ಯುಪಿಎಸ್ ಬ್ಯಾಟರಿ ಸತ್ತು ಬಹಳ ದಿನ ಆಗಿದೆ, ಬದಲಾಯಿಸಲು ದುಡ್ಡಿಲ್ಲ, ಲ್ಯಾಬ್ ಇನ್‌ಸ್ಟ್ರಕ್ಟರ್ ಹುದ್ದೆ ಖಾಲಿ ಅಂದರು. ಉದ್ಘಾಟನೆಯ ಫೋಟೋ ಮಾತ್ರ ಗೋಡೆಯ ಮೇಲೆ ಫ್ರೇಮಿನಲ್ಲಿತ್ತು. ನಮಗೂ ಕಾಲೇಜಿನಿಂದ ಫೋನು ಬರುತ್ತಿದ್ದದ್ದು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಮಾತ್ರ. ಹಳೆ ವಿದ್ಯಾರ್ಥಿಗಳ ಸಂಘ ಏನು ಮಾಡಿದೆ ಅನ್ನೋದನ್ನೂ ಅವರು ನೋಡುತ್ತಿದ್ದರಲ್ಲ. ಕಾಲೇಜಿನ ಮೇಲೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ತಪ್ಪು ನಮ್ಮದೂ ಇದೆ. ಏನು ಬೇಕು ಅಂತ ನಾವು ಕೇಳಲೇ ಇಲ್ಲ. ಕೊಟ್ಟ ಮೇಲೆ ತಿರುಗಿಯೂ ನೋಡಲಿಲ್ಲ.

ಅದಕ್ಕೇ ಈ ಸಲ ನಾವು ಐದು ಜನ ಸೇರಿ ಬೇರೆ ದಾರಿ ಹಿಡಿದಿದ್ದೇವೆ. ಫಲಕ ಬೇಡ, ಹೆಸರು ಬೇಡ. ಬ್ಯಾಟರಿ, ರಿಪೇರಿ, ಬುಕ್ ಬ್ಯಾಂಕಿಗೆ ಹೊಸ ಪುಸ್ತಕ, ಲ್ಯಾಬಿನಲ್ಲಿ ಕೆಲಸ ಮಾಡುವ ಒಬ್ಬರ ಸಂಬಳ, ಇಂಥದ್ದಕ್ಕೆ ತಿಂಗಳು ತಿಂಗಳು. ನಮ್ಮಲ್ಲಿ ಒಬ್ಬ ಇಲ್ಲಿನ ಪೌರತ್ವ ತೆಗೆದುಕೊಂಡಿದ್ದಾನೆ. ಅವನ ಹಣ ಕಾನೂನಿನ ಪ್ರಕಾರ ವಿದೇಶಿ ದೇಣಿಗೆ, ಅದನ್ನು ಪಡೆಯಲು ಕಾಲೇಜಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ನೋಂದಣಿ ಇರಬೇಕು. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್, ನನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಆ ತೊಡಕಿಲ್ಲ. ಹಾಗಾಗಿ ಅವನು ಸದ್ಯಕ್ಕೆ ಸಮಯ ಕೊಡುತ್ತಾನೆ, ಹಣ ನಮ್ಮದು.

ಸಮಯ ಅಂದೆನಲ್ಲ, ಅದನ್ನು ಹೇಳದೆ ಪತ್ರ ಮುಗಿಸಲಾರೆ. ಶನಿವಾರ ಬೆಳಿಗ್ಗೆ, ಅಲ್ಲಿಗೆ ಸಂಜೆ, ಕೊನೆಯ ವರ್ಷದ ಮಕ್ಕಳಿಗೆ ವಿಡಿಯೋ ಕಾಲ್‌ನಲ್ಲಿ ಇಂಟರ್‌ವ್ಯೂ ಅಭ್ಯಾಸ ಮಾಡಿಸುತ್ತಿದ್ದೇವೆ. ಹೋದ ವಾರ ಒಬ್ಬಳು ಹುಡುಗಿ ಬಂದಳು. ಪ್ರಾಜೆಕ್ಟ್ ಬಗ್ಗೆ ಹೇಳು ಅಂದೆ. ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿ ನಿಂತುಬಿಟ್ಟಳು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ಆಮೇಲೆ ಮೆಲ್ಲಗೆ, "ಮೇಡಂ, ಕನ್ನಡದಲ್ಲಿ ಹೇಳಲಾ?" ಅಂದಳು. ಹೇಳಮ್ಮ ಅಂದೆ. ಹತ್ತು ನಿಮಿಷ ತಡೆಯಿಲ್ಲದೆ ಹೇಳಿದಳು. ಮೋಟರ್ ಯಾಕೆ ಬಿಸಿಯಾಗುತ್ತಿತ್ತು, ಎಲ್ಲಿ ತಪ್ಪಿದ್ದು, ಹೇಗೆ ಕಂಡುಹಿಡಿದಳು, ಎಲ್ಲ. ಅಷ್ಟು ಚೆನ್ನಾಗಿ ನಾನು ಅವಳ ವಯಸ್ಸಿನಲ್ಲಿ ಹೇಳುತ್ತಿರಲಿಲ್ಲ. ಅದನ್ನೇ ಈಗ ಇಬ್ಬರೂ ಸೇರಿ ಒಂದೊಂದೇ ವಾಕ್ಯವಾಗಿ ಇಂಗ್ಲಿಷಿಗೆ ತರುತ್ತಿದ್ದೇವೆ. ಮುಂದಿನ ಶನಿವಾರ ಮತ್ತೆ ಬರುತ್ತಾಳೆ.

ಅಪ್ಪಾ, ಇನ್ನು ನಿಮ್ಮಿಂದ ಒಂದು ಕೆಲಸ ಆಗಬೇಕು. ನೀವು ಒಪ್ಪಿದರೆ ಮಾತ್ರ. ಒಂದು ದಿನ ಬಿಡುವು ಮಾಡಿಕೊಂಡು ಕಾಲೇಜಿಗೆ ಹೋಗಿ ಬನ್ನಿ. ಪ್ರಿನ್ಸಿಪಾಲರನ್ನು ನೋಡಿ, ಬೇಡ ಅನ್ನುತ್ತಿಲ್ಲ. ಆದರೆ ಲ್ಯಾಬಿನ ಅಟೆಂಡರ್ ಹತ್ತಿರವೂ ಹತ್ತು ನಿಮಿಷ ಕೂತು ಕೇಳಿ. ಯಾವುದು ಕೆಟ್ಟಿದೆ, ಯಾವುದು ಸುಮ್ನೆ ಬಿದ್ದಿದೆ ಅಂತ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಒಂದು ಹಾಳೆಯಲ್ಲಿ ಬರೆದುಕೊಂಡು ಫೋಟೋ ಕಳಿಸಿ. ಮುಂದೆ ಪ್ರತಿ ಖರ್ಚಿನ ರಸೀದಿಯನ್ನೂ ನೀವೇ ನೋಡಬೇಕು. ರಸೀದಿ ನೋಡುವುದರಲ್ಲಿ ನಿಮ್ಮಷ್ಟು ನಿಗಾ ನಮ್ಮ ಐವರಲ್ಲಿ ಒಬ್ಬರಿಗೂ ಇಲ್ಲ.

ಅಮ್ಮಾ, ನೀನೂ ಜೊತೆಯಲ್ಲಿ ಹೋಗು. ಲೈಬ್ರರಿಯಲ್ಲಿ ಆ ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕ ಇನ್ನೂ ಇದೆಯಾ ಕೇಳಿ ನೋಡು. ಕ್ಯಾಲೆಂಡರ್ ಹಾಳೆಯ ಬೈಂಡು ನೋಡಿದರೆ ನಿನಗೇ ಗುರುತು ಸಿಗುತ್ತದೆ.

ಇಂತಿ ನಿಮ್ಮ ಪ್ರೀತಿಯ
ಮಗಳು