ಹಳೆಯ ಮದ್ದುಗುಂಡು: ಗುಜರಿಗೂ ಬೇಡ, ಗುಮಾನಿಯೂ ಬೇಡ

ಮಾನ್ಯ ಸಂಪಾದಕರೇ,

ಅಟ್ಟ ಗುಡಿಸುವಾಗಲೋ ಪಾಯ ತೋಡುವಾಗಲೋ ಹಳೆಯ ಫಿರಂಗಿ ಗುಂಡು ಅಥವಾ ಹಿತ್ತಾಳೆಯ ಕಾಡತೂಸು ಸಿಕ್ಕಿದರೆ ಮನೆಯವರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ತೂಕಕ್ಕೆ ಹಾಕಿ ಗುಜರಿಯವರಿಗೆ ಕೊಡುತ್ತಾರೆ, ಇಲ್ಲವೇ ಪೊಲೀಸರಿಗೆ ಹೆದರಿ ರಾತ್ರೋರಾತ್ರಿ ಹಾಳುಬಾವಿಗೆ ಎಸೆಯುತ್ತಾರೆ. ಎರಡೂ ಅಪಾಯಕಾರಿ, ಎರಡರಿಂದಲೂ ಚರಿತ್ರೆಗೆ ನಷ್ಟ. ಭೂಸೇನೆಯ ಮದ್ದುಗುಂಡು ಉಗ್ರಾಣಗಳಲ್ಲಿ ಇಪ್ಪತ್ತೆರಡು ವರ್ಷ ದುಡಿದು ನಿವೃತ್ತನಾಗಿ, ಸಿಡಿಮದ್ದು ತೆಗೆದು ನಿರ್ಜೀವಗೊಳಿಸಿದ ಎರಡನೇ ಮಹಾಯುದ್ಧ ಕಾಲದ ಮದ್ದುಗುಂಡುಗಳನ್ನು ಸಂಗ್ರಹಿಸುತ್ತಿರುವ ನಾನು, ಮೂರನೆಯ ದಾರಿಯೊಂದು ಬೇಕೆಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಸಂಗ್ರಹ ಆರಂಭವಾದದ್ದು, ತಂದೆಯವರ ನಿವೃತ್ತಿಯ ದಿನ ಅವರ ತೋಪಖಾನೆಯ ಗೆಳೆಯರು ನೆನಪಿಗೆಂದು ಕೊಟ್ಟ 25 ಪೌಂಡರ್ ಎಂಬ ಬ್ರಿಟಿಷ್ ಫಿರಂಗಿಯ ಖಾಲಿ ಹಿತ್ತಾಳೆ ಕೋಶದಿಂದ, ಅಂದರೆ ಗುಂಡನ್ನು ಹಾರಿಸುವ ಮದ್ದು ತುಂಬುವ ಕೊಳವೆಯಿಂದ. ಒಂದು ಅಡಿಗೆ ತುಸು ಕಡಿಮೆ ಎತ್ತರದ ಅದರ ತಳದಲ್ಲಿ 1943 ಎಂಬ ಇಸವಿಯಿದೆ. ನಡುವೆ, ಮದ್ದಿಗೆ ಕಿಡಿ ತಾಗಿಸುವ ಪ್ರೈಮರ್ ಮೇಲೆ, ಫಿರಂಗಿಯ ಫೈರಿಂಗ್ ಪಿನ್ ಎಂಬ ಮೊಳೆ ಬಡಿದ ಪುಟ್ಟ ಗುಳಿಯಿದೆ. ಈ ಫಿರಂಗಿಗೆ ಗುಂಡು ಬೇರೆ, ಕೋಶ ಬೇರೆ. ಹನ್ನೊಂದು ಕಿಲೋ ದಾಟುವ ಗುಂಡನ್ನು ಮೊದಲು ನಳಿಗೆಯೊಳಕ್ಕೆ ಗಟ್ಟಿಯಾಗಿ ನೂಕಿ, ಹೊಡೆಯಬೇಕಾದ ದೂರಕ್ಕೆ ತಕ್ಕಂತೆ ಕೆಂಪು, ಬಿಳಿ, ನೀಲಿ ಬಣ್ಣದ ಮದ್ದಿನ ಚೀಲಗಳನ್ನು ಕೋಶದಲ್ಲಿ ಉಳಿಸಿಯೋ ತೆಗೆದೋ, ಆಮೇಲೆ ಅದನ್ನು ಹಿಂದಿನಿಂದ ಸೇರಿಸುತ್ತಿದ್ದರು. 1965 ಮತ್ತು 1971ರ ಯುದ್ಧಗಳಲ್ಲಿಯೂ ನಮ್ಮ ಸೇನೆ ಈ ಫಿರಂಗಿಯನ್ನು ಬಳಸಿತು. ತಾಯಿಯವರು ಆ ಕೋಶವನ್ನು ಹೂದಾನಿಯಾಗಿ ಇಟ್ಟುಕೊಂಡು, ಹಬ್ಬ ಬಂದಾಗಲೆಲ್ಲ ಹುಣಸೆಹಣ್ಣು ಮತ್ತು ಬೂದಿ ಹಚ್ಚಿ ಪ್ರೀತಿಯಿಂದ ಉಜ್ಜಿದರು. ಕೋಶವೇನೋ ಫಳಫಳ ಹೊಳೆಯಿತು, ಆದರೆ ಯಾವ ಕಾರ್ಖಾನೆಯದೆಂದು ಹೇಳುವ ಮುದ್ರೆ ಸವೆದುಹೋಯಿತು. ಆ ನೋವು ನನಗೆ ಇಂದಿಗೂ ಇದೆ.

ಏಕೆಂದರೆ ಇಂಥ ವಸ್ತುವಿನ ಬೆಲೆಯೆಲ್ಲ ಆ ಮುದ್ರೆಯಲ್ಲಿದೆ. .303 ರೈಫಲ್ಲಿನ ಕಾಡತೂಸಿನ ತಳದಲ್ಲಿ ‘ಕೆ’ ಮತ್ತು ‘ಎಫ್’ ಅಕ್ಷರಗಳ ನಡುವೆ ಬಾಣದ ಗುರುತಿದ್ದರೆ ಅದು ಪುಣೆ ಬಳಿಯ ಖಡ್ಕಿ ಕಾರ್ಖಾನೆಯದು. ಪಕ್ಕದ ಎರಡು ಅಂಕಿಗಳು ತಯಾರಾದ ವರ್ಷ. ಅದರೊಳಗೆ ತುಂಬುತ್ತಿದ್ದ, ಶಾವಿಗೆಯಂತೆ ಎಳೆ ಎಳೆಯಾದ ಕಾರ್ಡೈಟ್ ಎಂಬ ಮದ್ದನ್ನು ತಯಾರಿಸಲು ನೆರೆಯ ನೀಲಗಿರಿಯ ಅರುವಂಕಾಡಿನಲ್ಲಿ 1904ರಲ್ಲೇ ಕಾರ್ಖಾನೆ ಸ್ಥಾಪನೆಯಾಗಿತ್ತು. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಬಂತೆಂದರೆ ಲಾಯಗಳಲ್ಲಿಟ್ಟ ಕಾಡತೂಸುಗಳ ಹಿತ್ತಾಳೆ ತಾನಾಗಿ ಬಿರುಕು ಬಿಡುತ್ತಿತ್ತು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯವೇ ಕಾರಣವೆಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಹಿತ್ತಾಳೆಯ ಕೋಶವನ್ನು ದನದ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿರುವವರು ದಯವಿಟ್ಟು ಇದನ್ನು ಗಮನಿಸಬೇಕು.

ಆದರೆ ಮೇಲಿನ ಮಾತುಗಳೆಲ್ಲ ನಿರ್ಜೀವವೆಂದು ಖಚಿತವಾದ ವಸ್ತುಗಳಿಗೆ ಮಾತ್ರ ಅನ್ವಯಿಸುತ್ತವೆ. ತುಕ್ಕು ಹಿಡಿದಿದೆ, ಎಂಬತ್ತು ವರ್ಷವಾಗಿದೆ, ಇನ್ನೇನು ಸಿಡಿದೀತು ಎಂಬ ನಂಬಿಕೆ ಶುದ್ಧ ತಪ್ಪು. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅನುಭವಿ ಸಂಗ್ರಾಹಕರೊಬ್ಬರು, ಆ ದೇಶದ ಅಂತರ್ಯುದ್ಧ ಕಾಲದ, ಅಂದರೆ ಸುಮಾರು ನೂರ ನಲವತ್ತು ವರ್ಷ ಹಳೆಯ ಫಿರಂಗಿ ಗುಂಡನ್ನು ಮನೆಯಂಗಳದಲ್ಲಿ ಶುಚಿಗೊಳಿಸುವಾಗ ಅದು ಸಿಡಿದು ಪ್ರಾಣ ಕಳೆದುಕೊಂಡರು. ಮಣ್ಣಿನಲ್ಲಿ ಗುಂಡು ಕಂಡರೆ ಮುಟ್ಟದೆ, ಅಲುಗಿಸದೆ, ಠಾಣೆಗೆ ಹೊತ್ತೊಯ್ಯದೆ 112ಕ್ಕೆ ಕರೆ ಮಾಡಬೇಕು. ಹಳೆಯ ಗುಂಡಿಗೆ ಮತ್ತೆ ಬಣ್ಣ ಬಳಿದು ಮೂಲರೂಪಕ್ಕೆ ತರುವುದರಲ್ಲಿ ಇನ್ನೊಂದು ತೊಡಕಿದೆ. ಒಳಗೆ ಸಿಡಿಮದ್ದು ತುಂಬಿದೆ ಎಂದು ಸೂಚಿಸಲು ಬ್ರಿಟಿಷರು ಗುಂಡಿನ ಮೂತಿಯ ಬಳಿ ಕೆಂಪು ಪಟ್ಟಿ ಬಳಿಯುತ್ತಿದ್ದರು. ಸಂಗ್ರಾಹಕರು ಮೂಲದಂತೆಯೇ ಇರಲೆಂದು ಖಾಲಿ ಗುಂಡಿಗೂ ಅದೇ ಪಟ್ಟಿ ಬಳಿಯುತ್ತಾರೆ. ಕೆಲಸ ಎಷ್ಟು ಚೆನ್ನಾಗಿ ಆಗುತ್ತದೋ ನೋಡುವವರಿಗೆ ಅದು ಅಷ್ಟೇ ಜೀವಂತವಾಗಿ ಕಾಣುತ್ತದೆ. ಸೇನೆಯಲ್ಲಿ ಇಂಥ ಗೊಂದಲ ಬಾರದಿರಲೆಂದೇ ‘ಸಿಡಿಮದ್ದು ರಹಿತ’ ಎಂಬ ಪ್ರಮಾಣಪತ್ರದ ಪದ್ಧತಿಯಿದೆ. ನಾಗರಿಕರ ಮನೆಯ ವಸ್ತುವಿಗೂ ಅದು ಸಿಗಬೇಕು.

1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು, ಪೂರಕ ಭಾಗಗಳೊಂದಿಗೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಮದ್ದುಗುಂಡಿನ ಸಣ್ಣಪುಟ್ಟ ಬಿಡಿಭಾಗಗಳಿಗೆ ವಿನಾಯಿತಿ ಕೊಟ್ಟಿದೆ. ಆದರೆ ಮನೆಗೆ ಬಂದ ಪೇದೆಗೆ ಖಾಲಿ ಯಾವುದು, ತುಂಬಿದ್ದು ಯಾವುದು ಎಂದು ತಿಳಿಯುವ ಬಗೆ ಹೇಗೆ? ನನ್ನ ಪರಿಚಯದ ಮಾಜಿ ಸೈನಿಕರೊಬ್ಬರು ಎರಡು ಖಾಲಿ ಕೋಶಗಳಿಗಾಗಿ ಠಾಣೆಯಲ್ಲಿ ಇಡೀ ದಿನ ಕುಳಿತು, ಮರುದಿನವೇ ಅವನ್ನು ಕರಗಿಸಲು ಕೊಟ್ಟುಬಿಟ್ಟರು. ಅವರನ್ನಾಗಲಿ ಪೊಲೀಸರನ್ನಾಗಲಿ ನಾನು ದೂರಲಾರೆ.

ನನ್ನ ಕೋರಿಕೆ ಇಷ್ಟೇ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯು ಪೊಲೀಸ್ ಬಾಂಬ್ ನಿಷ್ಕ್ರಿಯ ದಳದ ನೆರವಿನೊಂದಿಗೆ ಜಿಲ್ಲೆಗೆ ವರ್ಷಕ್ಕೊಂದು ಬಾರಿ ತಪಾಸಣೆ ಏರ್ಪಡಿಸಲಿ. ಜನ ಛಾಯಾಚಿತ್ರ ಸಹಿತ ಮೊದಲೇ ಅರ್ಜಿ ಸಲ್ಲಿಸಲಿ. ಅನುಮಾನ ಬಂದ ವಸ್ತುವನ್ನು ದಳದವರೇ ಮನೆಗೆ ಬಂದು ನೋಡಲಿ. ನಿರ್ಜೀವವೆಂದು ಖಚಿತವಾದವುಗಳಿಗೆ ಸಂಖ್ಯೆ ನೀಡಿ, ಕಣ್ಣಿಗೆ ಕಾಣುವ ಗುರುತು ಹಾಕಿ, ಪ್ರಮಾಣಪತ್ರ ಕೊಡಲಿ. ಇಲಾಖೆ ದಿನ ಗೊತ್ತುಪಡಿಸಿದರೆ, ತಂದೆಯವರ ಆ ಹಿತ್ತಾಳೆ ಕೋಶವೂ ಸೇರಿದಂತೆ ನನ್ನಲ್ಲಿರುವ ಹನ್ನೊಂದು ವಸ್ತುಗಳಿಗೆ ಮೊದಲ ಅರ್ಜಿ ನನ್ನದೇ.

– ನಿವೃತ್ತ ಸುಬೇದಾರರು, ಸೋಮವಾರಪೇಟೆ