ಚಾಕು ಹಿಡಿದವನ ಸಿನಿಮಾ ಕಸವಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಸ್ಲಾಷರ್ ಸಿನಿಮಾಗಳ ಬಗ್ಗೆ ಸಿಟ್ಟಿನಿಂದ ಬರೆದಿದ್ದರು. ಮುಖವಾಡ ಹಾಕಿಕೊಂಡವನೊಬ್ಬ ಚಾಕು ಹಿಡಿದು ಒಬ್ಬೊಬ್ಬರನ್ನೇ ಮುಗಿಸುತ್ತಾ ಹೋಗುವುದರಲ್ಲಿ ನೋಡಲು ಏನಿದೆ, ಅದೆಲ್ಲ ದುಡ್ಡಿಲ್ಲದವರು ಮಾಡುವ ಕಸ, ನಮ್ಮ ಹುಡುಗರು ಮೊಬೈಲಿನಲ್ಲಿ ಇದನ್ನೇ ನೋಡಿ ಕೆಡುತ್ತಿದ್ದಾರೆ ಎಂಬುದು ಅವರ ದೂರು. ನಾನು ಹೈಸ್ಕೂಲ್ ಮಾಸ್ತರನಾಗಿದ್ದು ನಿವೃತ್ತನಾದವನು. ಮಕ್ಕಳ ಬಗ್ಗೆ ಅವರಿಗಿರುವ ಕಾಳಜಿ ನನಗೂ ಇದೆ. ಆದರೆ ದುಡ್ಡಿಲ್ಲದವರ ಕಸ ಎಂಬ ಮಾತು ಮಾತ್ರ ಮನಸ್ಸಿಗೆ ಚುಚ್ಚಿತು. ಹಣವಿಲ್ಲದವರು ತಲೆ ಓಡಿಸಿ ಜನರ ಎದೆ ನಡುಗಿಸಿದ ಕಥೆಯೇ ಈ ಸಿನಿಮಾಗಳ ಕಥೆ.

1978ರಲ್ಲಿ ಬಂದ 'ಹ್ಯಾಲೋವೀನ್' ನೋಡಿ. ನಿರ್ದೇಶಕ ಜಾನ್ ಕಾರ್ಪೆಂಟರ್. ಖರ್ಚು ಸುಮಾರು 3.25 ಲಕ್ಷ ಡಾಲರ್. ಆಗಿನ ದರದಲ್ಲಿ 27 ಲಕ್ಷ ರೂಪಾಯಿಯ ಆಸುಪಾಸು. ಹಾಲಿವುಡ್ಡಿನಲ್ಲಿ ಅದು ಚಿಲ್ಲರೆ ಕಾಸು. ಕಥೆ ನಡೆಯುವುದು ಅಕ್ಟೋಬರಿನಲ್ಲಿ, ಅಲ್ಲಿ ಎಲೆ ಉದುರುವ ಕಾಲ. ಶೂಟಿಂಗ್ ಆದದ್ದು ವಸಂತ ಕಾಲದ ಕ್ಯಾಲಿಫೋರ್ನಿಯಾದಲ್ಲಿ. ಮರಗಳೆಲ್ಲ ಹಸಿರು, ಬೇಕಾದದ್ದು ಉದುರಿದ ಎಲೆ! ಎಲೆಗಳಿಗೆ ಬಣ್ಣ ಬಳಿದು ಬೀದಿಗೆ ಚೆಲ್ಲಿದರು. ಶಾಟ್ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿಕೊಂಡು ಮುಂದಿನ ಶಾಟಿಗೆ ಅವನ್ನೇ ಚೆಲ್ಲಿದರು. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಎರಡು ಡಾಲರಿಗೂ ಕಡಿಮೆಗೆ ಸಿಕ್ಕಿದ್ದು, 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನದು. ಹುಬ್ಬು ಕಿತ್ತರು, ಕಣ್ಣಿನ ತೂತು ದೊಡ್ಡದು ಮಾಡಿದರು, ಬಿಳಿ ಬಣ್ಣ ಹೊಡೆದರು. ಆ ಮುಖದಲ್ಲಿ ಸಿಟ್ಟಿಲ್ಲ, ನಗುವಿಲ್ಲ, ಏನೂ ಇಲ್ಲ. ನೋಡಿದರೆ ಮೈ ಜುಮ್ಮೆನ್ನುವುದು ಅದಕ್ಕೇ. ಸಂಗೀತವನ್ನೂ ಕಾರ್ಪೆಂಟರ್ ತಾವೇ ಮಾಡಿಕೊಂಡರು. ಐದು ಎಣಿಕೆಯ ತಾಳ, ಪಿಯಾನೊದ ನಾಲ್ಕಾರು ಸ್ವರ, ಅಷ್ಟೇ. ಸಿನಿಮಾ ಗಳಿಸಿದ್ದು 7 ಕೋಟಿ ಡಾಲರ್ ಹತ್ತಿರ.

ಅದರಲ್ಲಿ ರಕ್ತ ಹುಡುಕಿದರೂ ಸಿಗುವುದು ಕಷ್ಟ. ಹಗಲು ಹೊತ್ತಿನಲ್ಲಿ ಆ ಮುಖವಾಡದವನು ಸುಮ್ನೆ ನಿಂತಿರುತ್ತಾನೆ. ಬೇಲಿಯ ಪಕ್ಕ ಒಮ್ಮೆ, ಹಿತ್ತಲಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ಒಮ್ಮೆ. ಹುಡುಗಿ ಕಣ್ಣು ಮಿಟುಕಿಸಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಆಮೇಲೆ ಇಡೀ ಸಿನಿಮಾದಲ್ಲಿ ನಮ್ಮ ಕಣ್ಣು ಪರದೆಯ ಮೂಲೆಗಳನ್ನೇ ಹುಡುಕುತ್ತಿರುತ್ತದೆ. ಕಥೆ ಬಿಟ್ಟು ಮೂಲೆ ನೋಡುವಂತೆ ಮಾಡುವುದಿದೆಯಲ್ಲ, ಅದು ಹಣ ಕೊಟ್ಟು ತರುವ ವಿದ್ಯೆಯಲ್ಲ.

1974ರ 'ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' ನಮ್ಮ ಕಡೆಯವರಿಗೆ ಇನ್ನೂ ಹತ್ತಿರ ಅನ್ನಿಸಬೇಕು. ಟೋಬ್ ಹೂಪರ್ ಅದನ್ನು ತೆಗೆದದ್ದು ಟೆಕ್ಸಾಸಿನ ಸುಡು ಬೇಸಿಗೆಯಲ್ಲಿ, 1973ರಲ್ಲಿ. ಬೆವರು, ನೊಣ, ಒಣಗಿದ ಹುಲ್ಲು, ಕಣ್ಣು ಕುಕ್ಕುವ ಬಿಸಿಲು. ಯಂತ್ರಗರಗಸದ ಕಗ್ಗೊಲೆ ಎಂಬ ಹೆಸರು ಕೇಳಿದರೆ ರಕ್ತದ ಹೊಳೆಯೇ ಹರಿದಿರಬೇಕು ಅನ್ನಿಸುತ್ತದೆ. ನೋಡಿದರೆ ಅದರಲ್ಲೂ ರಕ್ತ ಕಡಿಮೆ. ಭಯಕ್ಕೆ ಕತ್ತಲೆಯೇ ಬೇಕು ಅಂತ ಯಾರು ಹೇಳಿದರು? ಮೇ ತಿಂಗಳ ನಡುಮಧ್ಯಾಹ್ನ ನಮ್ಮ ಕಲಬುರಗಿಯ ಬ್ರಹ್ಮಪುರದ ಓಣಿಗಳಲ್ಲಿ ಒಮ್ಮೆ ನಡೆದು ನೋಡಿ. ಎಲ್ಲಾ ಬಾಗಿಲು ಮುಚ್ಚಿರುತ್ತವೆ. ಒಂದು ನಾಯಿಯೂ ಕಾಣುವುದಿಲ್ಲ. ಹಿಂದೆ ಚಪ್ಪಲಿ ಸದ್ದಾದರೆ ಯಾರಾದರೂ ತಿರುಗಿ ನೋಡಲೇಬೇಕು.

ನನ್ನ ಕೆಲವು ಹಳೆಯ ವಿದ್ಯಾರ್ಥಿಗಳು ಆಳಂದ ಕಡೆಯ ಒಂದು ಹಳ್ಳಿಯ ಪಾಳು ವಾಡೆಯಲ್ಲಿ ಮೊಬೈಲಿನಲ್ಲೇ ಒಂದು ಕಿರುಚಿತ್ರ ಮಾಡಿದ್ದಾರೆ. ನನಗೆ ತೋರಿಸಲು ಮನೆಗೆ ಬಂದಿದ್ದರು. ಅದರ ಒಂದು ದೃಶ್ಯ ಹೇಳುತ್ತೇನೆ. ಅಡುಗೆಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಅವಳು ಕಾಣುವುದಿಲ್ಲ, ಸದ್ದು ಮಾತ್ರ. ಕ್ಯಾಮೆರಾ ಪಡಸಾಲೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಅಲ್ಲಾಡದೆ ನಿಂತಿದೆ. ಮಗಳು ಒಂದು ಮೂಲೆಯಲ್ಲಿ ಓದುತ್ತಿದ್ದಾಳೆ. ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ. ಮಗಳು ತಲೆ ಎತ್ತುವುದಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಶುರುವಾಗುತ್ತದೆ. ಆದರೆ ಲಯ ಬೇರೆ, ಕೈ ಬೇರೆ. ರೊಟ್ಟಿ ಬಡಿಯಲು ಬಾರದವರು ಯಾರೋ ಬಡಿಯುತ್ತಿದ್ದಾರೆ. ಅಲ್ಲೇ ಕುಳಿತಿದ್ದ ನನ್ನ ಹೆಂಡತಿ ಥಟ್ಟನೆ ನಮ್ಮ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಇದನ್ನು ಹೊಳೆಸಿಕೊಂಡವರು ಕಲಬುರಗಿ ಸೀಮೆಯ ಮಕ್ಕಳೇ. ಬೇರೆ ಊರಿನವರಿಗೆ ಇದು ಹೊಳೆಯುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ರಕ್ತಕ್ಕೂ ಅವರು ಬಹಳ ಒದ್ದಾಡಿದ್ದಾರೆ. ಕುಂಕುಮದ ನೀರು ಶರಬತ್ತಿನ ಹಾಗೆ ಹರಿಯಿತಂತೆ. ಆಮೇಲೆ ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ, ಚೂರು ಕಾಫಿಪುಡಿ. ಬಣ್ಣ ಸರಿ ಬಂತು, ಆದರೆ ಇರುವೆ ಮುತ್ತಿ ಹೆಣವಾಗಿ ಮಲಗಿದ್ದವನೇ ಎದ್ದು ಓಡಿದನಂತೆ. 1960ರಲ್ಲಿ ನಿರ್ದೇಶಕ ಹಿಚ್‌ಕಾಕ್ 'ಸೈಕೋ' ಸಿನಿಮಾದ ಸ್ನಾನದ ಕೋಣೆಯ ಕೊಲೆ ದೃಶ್ಯಕ್ಕೆ ಚಾಕೊಲೇಟ್ ಸಿರಪ್ ಬಳಸಿದ್ದರು, ಸಿನಿಮಾ ಕಪ್ಪು ಬಿಳುಪಾಗಿದ್ದರಿಂದ ನಡೆದುಹೋಯಿತು ಅಂತ ನಾನು ಹೇಳಿದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನದು ಕಪ್ಪು ಬಿಳುಪಿನಲ್ಲೇ ಮಾಡುತ್ತಾರಂತೆ.

ಮುಂದೆ ಏನಾಗುತ್ತದೆ ಅಂತ ಗೊತ್ತಿರುವ ಸಿನಿಮಾದಲ್ಲಿ ಮಜಾ ಏನು ಎಂದೂ ಆ ಓದುಗರು ಕೇಳಿದ್ದಾರೆ. ದೊಡ್ಡಾಟದಲ್ಲಿ ರಕ್ಕಸ ಬಂದೇ ಬರುತ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೇ ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕೂರುತ್ತೇವೆ. ಮದ್ದಳೆಯ ಪೆಟ್ಟು ಬದಲಾದ ಕೂಡಲೇ ಮಕ್ಕಳು ಅವ್ವನ ಸೆರಗಿಗೆ ಸೇರುತ್ತವೆ. ಸ್ಲಾಷರ್ ಸಿನಿಮಾದ ಸುಖವೂ ಅಂಥದ್ದೇ. ಬರುವುದು ಗೊತ್ತು, ಯಾವಾಗ, ಯಾವ ಕಡೆಯಿಂದ ಅನ್ನುವುದು ಗೊತ್ತಿಲ್ಲ. ಹತ್ತು ಜನ ಒಟ್ಟಿಗೆ ಕೂತು ನೋಡುವಾಗ "ಹಿಂದ ನೋಡs ಯವ್ವಾ, ಹಿಂದ!" ಅಂತ ಯಾರೋ ಕೂಗುತ್ತಾರೆ. ಎಲ್ಲರೂ ಹೆದರಿ, ಮರುಕ್ಷಣ ನಗುತ್ತಾರೆ. ಮನೆಯಲ್ಲಿ ಒಬ್ಬರೇ ಕೂತು ನೋಡಿದರೆ ಇದು ಸಿಗುವುದಿಲ್ಲ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಈ ಸಿನಿಮಾಗಳಲ್ಲಿ ಎಷ್ಟೋ ಸಲ ಕೊನೆಗೆ ಉಳಿಯುವವಳು ಒಬ್ಬ ಹುಡುಗಿ. ಕ್ಯಾರಲ್ ಕ್ಲೋವರ್ ಎಂಬ ಅಮೆರಿಕದ ವಿದ್ವಾಂಸೆ ಇವಳನ್ನು 'ಫೈನಲ್ ಗರ್ಲ್' ಎಂದು ಕರೆದು 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. 'ಹ್ಯಾಲೋವೀನ್' ಹುಡುಗಿಯ ಕೈಯಲ್ಲಿ ಬಂದೂಕಿಲ್ಲ. ಸ್ವೆಟರ್ ಹೆಣೆಯುವ ಕಡ್ಡಿಯಿಂದ ಚುಚ್ಚುತ್ತಾಳೆ. ಬಟ್ಟೆ ನೇತುಹಾಕುವ ತಂತಿಯನ್ನು ನೆಟ್ಟಗೆ ಮಾಡಿ ತಿವಿಯುತ್ತಾಳೆ. ಆಮೇಲೆ ಅವನ ಚಾಕುವನ್ನೇ ಎತ್ತಿಕೊಳ್ಳುತ್ತಾಳೆ. ಹೆದರಿದ್ದಾಳೆ, ಆದರೂ ಕೈ ಕೆಲಸ ಮಾಡುತ್ತಿದೆ. ನಮ್ಮ ದೊಡ್ಡ ಬಜೆಟ್ಟಿನ ಸಿನಿಮಾಗಳಲ್ಲಿ ನಾಯಕ ಬಂದು ಬಿಡಿಸುವವರೆಗೆ ಕಿರುಚುವ ಹುಡುಗಿಯರನ್ನು ನೋಡಿ ನೋಡಿ ಸಾಕಾಗಿದೆ.

ಇದರಲ್ಲಿ ಕೆಟ್ಟ ಸಿನಿಮಾಗಳೂ ಜಾಸ್ತಿ ಇವೆ. ಹೆಣ್ಣಿನ ಮೈ ತೋರಿಸಿ ಆಮೇಲೆ ಕೊಂದು ಅದನ್ನೇ ಮಜಾ ಅನ್ನುವಂಥವು. ಅವುಗಳ ಪರವಾಗಿ ನನ್ನದು ಒಂದು ಮಾತೂ ಇಲ್ಲ. ಚಿಕ್ಕ ಮಕ್ಕಳಿಗೆ ಇಂಥ ಯಾವ ಸಿನಿಮಾವನ್ನೂ ತೋರಿಸಬಾರದು. 'ಎ' ಸರ್ಟಿಫಿಕೇಟ್ ಇರುವುದೇ ಅದಕ್ಕೆ. ಈಗ 'ಯುಎ'ಯಲ್ಲೂ 7, 13, 16 ಎಂದು ವಯಸ್ಸಿನ ಹಂತ ಮಾಡಿದ್ದಾರೆ. ಅದನ್ನು ನೋಡಿಕೊಳ್ಳುವುದು ಮನೆಯವರ ಕೆಲಸ.

ನಮ್ಮವರು ಈ ದಾರಿಯಲ್ಲಿ ನಡೆದಿಲ್ಲ ಅಂತಲ್ಲ. ಹಿಂದಿಯ ರಾಮ್ಸೆ ಸಹೋದರರು ದೆವ್ವದ ಸಿನಿಮಾಕ್ಕೆ ಕ್ಯಾಮೆರಾ, ಸೌಂಡ್, ಎಡಿಟಿಂಗ್, ನಿರ್ದೇಶನ ಎಲ್ಲವನ್ನೂ ಅಣ್ಣತಮ್ಮಂದಿರೇ ಹಂಚಿಕೊಂಡರು. ಕನ್ನಡದಲ್ಲಿ 1993ರಲ್ಲೇ ಉಪೇಂದ್ರ 'ಶ್!' ಮಾಡಿದರು. ಸಿನಿಮಾ ತಂಡದ ಸುತ್ತಲೇ ನಡೆಯುವ ಕೊಲೆಗಳ ಕಥೆ. ಅದನ್ನು ನೋಡಿ ಬೆಚ್ಚಿಬಿದ್ದವರು ಇಂದಿಗೂ ಅದರ ಮಾತಾಡುತ್ತಾರೆ.

ಕಲಬುರಗಿಯವರಾದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಹಾಲಿವುಡ್ ಸಿನಿಮಾಗಳಿಗೆ ಪ್ರಚಾರದ ಚಿತ್ರ ಬರೆದು ಹೆಸರು ಮಾಡಿದವರು. ಅವರ ಹೆಸರಿನ ರಂಗಮಂದಿರ ನಮ್ಮಲ್ಲಿದೆ. ವರ್ಷಕ್ಕೊಂದು ಸಂಜೆ ಅದನ್ನು ಈ ಜಿಲ್ಲೆಯ ಹುಡುಗ ಹುಡುಗಿಯರು ಮಾಡಿದ ಕಿರುಚಿತ್ರಗಳಿಗೆ ಕಡಿಮೆ ಬಾಡಿಗೆಗೆ ಕೊಡಬೇಕು. ಭಯದ ಚಿತ್ರಗಳಿಗೂ ಅಲ್ಲಿ ಜಾಗವಿರಬೇಕು, ಬಾಗಿಲಲ್ಲಿ ವಯಸ್ಸು ಕೇಳಿಯೇ ಒಳಗೆ ಬಿಡಲಿ. ಬೀದರ್, ಯಾದಗಿರಿಯ ಮಕ್ಕಳನ್ನೂ ಕರೆಯೋಣ. ಸಂಬಂಧಪಟ್ಟ ಅಧಿಕಾರಿಗಳು ದಯವಿಟ್ಟು ಇದನ್ನು ಗಮನಿಸಲಿ. ಆ ಪತ್ರ ಬರೆದ ಓದುಗರಿಗೂ ನನ್ನ ಆಹ್ವಾನ ಇದೆ, ಅವರು ಬಂದು ಮುಂದಿನ ಸಾಲಿನಲ್ಲಿ ಕೂರಬೇಕು.

ಇತಿ ನಿಮ್ಮ ಓದುಗ,
ನಿವೃತ್ತ ಶಿಕ್ಷಕ, ಬ್ರಹ್ಮಪುರ, ಕಲಬುರಗಿ